ತಿರುವಿನಲ್ಲಿ ಅವನು ಇರಲಿಲ್ಲ

ಚಿತ್ತಾಪುರದಿಂದ ವಾಡಿ ಕಡೆಗೆ ಹೋಗುವ ಹಳಿಗಳ ಮೇಲೆ ನಾನು ಗ್ಯಾಂಗಿನ ಕೆಲಸಕ್ಕಿದ್ದೆ. ಗ್ಯಾಂಗಿನಲ್ಲಿ ಹೆಂಗಸರು ಇಬ್ಬರೇ, ನಾನು ಮತ್ತು ತೆಂಗಳಿಯ ಅಕ್ಕ. ಬಗ್ಗಿ ಹಳಿಯ ಕೆಳಗೆ ಕಲ್ಲು ತುಂಬುವವರಿಗೆ ರೈಲು ಕಾಣುವುದಿಲ್ಲ. ಅದಕ್ಕೆಂದೇ ದೂರದ ತಿರುವಿನಲ್ಲಿ ಒಬ್ಬ ಸೀಟಿ, ಕೆಂಪು ಬಾವುಟ ಹಿಡಿದು ನಿಲ್ಲಬೇಕು. ನಮಗಾಗಿ ನಿಲ್ಲುತ್ತಿದ್ದವನು ಶಹಾಬಾದಿನವನು. ಅಕ್ಕನನ್ನು ಆಪಾ ಎಂದು ಕರೆಯುತ್ತಿದ್ದ, ಅವಳ ಡಬ್ಬಿಯ ರೊಟ್ಟಿಯಲ್ಲಿ ಅವನದೂ ಪಾಲಿರುತ್ತಿತ್ತು. ಅವನು ನಿಂತಿದ್ದಾನೆಂದರೆ ನಾವು ತಲೆ ಎತ್ತುತ್ತಲೇ ಇರಲಿಲ್ಲ.

ಅವತ್ತು ಆಳು ಕಡಿಮೆ. ಪಕ್ಕದ ಹಳಿಯಲ್ಲಿ ಸಿಮೆಂಟಿನ ಗೂಡ್ಸು ಸದ್ದು ಮಾಡುತ್ತ ಹೋಗುತ್ತಿತ್ತು. ಬೆನ್ನು ನೆಟ್ಟಗೆ ಮಾಡಲೆಂದು ಎದ್ದು ನೋಡಿದರೆ, ತಿರುವಿನಲ್ಲಿರಬೇಕಾದವನು ಆಚೆ ತುದಿಯಲ್ಲಿ ಗಂಡಸರ ಜೊತೆ ಬದಿಯಲ್ಲಿದ್ದ ಹಳೆಯ ಹಳಿ ಎತ್ತುತ್ತಿದ್ದಾನೆ! ಗ್ಯಾಂಗಿನ ಮೇಲ್ವಿಚಾರಕ ಮೇಟ್ ಅವನನ್ನು ಕರೆಸಿಕೊಂಡಿದ್ದ. ಅಷ್ಟರಲ್ಲಿ ತಿರುವಿನಿಂದ ನಮ್ಮ ಹಳಿಯ ಮೇಲೇ ಎಂಜಿನ್ನು ಬಂದೇಬಿಟ್ಟಿತು. "ಅಕ್ಕಾ!" ಎಂದು ಕೂಗಿ ಅವಳ ತೋಳು ಹಿಡಿದು ಎಳೆದೆ. ಅವಳ ಒಂದು ಕಾಲು ಹಳಿಯ ಮೇಲೇ ಉಳಿಯಿತು.

ವಿಚಾರಣೆಗೆ ಸಾಹೇಬರು ಬಂದರು. ಶಹಾಬಾದಿನವನು ನನ್ನ ಕಡೆ ನೋಡದೆ ಹೇಳಿದ, "ನಾ ತಿರುವಿನಾಗೇ ಇದ್ನಿರಿ. ಸೀಟಿ ಊದೀನ್ರಿ. ಇಬ್ಬರೂ ಮಾತಾಡ್ಲಿಕತ್ತಿದ್ರು, ಕೇಳಸ್ಕೊಳ್ಳಿಲ್ಲ."

ಮೇಟ್ ಹೌದೆಂದು ತಲೆಯಾಡಿಸಿದ.

"ಸುಳ್ಳು ಅದರಿ ಸಾಹೇಬ್ರ! ಇಂವ ಅಲ್ಲಿ ಇರ್ಲೇ ಇಲ್ಲ" ಎಂದೆ. ಅವನ ಜೊತೆ ಹಳಿ ಎತ್ತಿದವರೆಲ್ಲ ನೆಲ ನೋಡುತ್ತ ನಿಂತರು.

ಹೊರಗೆ ಅವನು ನನ್ನನ್ನು ತಡೆದ. "ತಂಗೀ, ಮೇಟ್ ಹೇಳ್ದಂಗ ಹೇಳೀನಿ. ನೌಕರಿ ಹೋದ್ರ ನನ್ನ ಮಕ್ಕಳ ಗತಿ ಏನು?"

"ಆಕಿ ಕಾಲೇ ಹೋಗ್ಯದಲ್ಲೋ ಅಣ್ಣಾ" ಎಂದೆ.

ಆಸ್ಪತ್ರೆಯಲ್ಲಿ ಅಕ್ಕ ಮೊದಲು ಕೇಳಿದ್ದೂ ಅವನ ಬಗ್ಗೆಯೇ. "ಅಂವ ಏನಂದ?"

ಮುಚ್ಚಿಡಲಾಗದೆ ಹೇಳಿದೆ. ಅವಳು ಮೆಲ್ಲಗೆ, "ನಾವು ಖರೇನ ಮಾತಾಡ್ಲಿಕತ್ತಿದ್ವೇನ?" ಎಂದಳು. ಅವನ ಸುಳ್ಳಿಗಿಂತ ಆ ಪ್ರಶ್ನೆ ನನ್ನನ್ನು ಹೆಚ್ಚು ಸುಟ್ಟಿತು.

ಈಗ ಅಕ್ಕನಿಗೆ ವಾಡಿಯಲ್ಲಿ ಕೂತು ಮಾಡುವ ಕೆಲಸ ಕೊಟ್ಟಿದ್ದಾರೆ. ನಾನು ಕೇಳಿಕೊಂಡು ಸೇಡಂ ಕಡೆಯ ಗ್ಯಾಂಗಿಗೆ ಬಂದೆ. ಇಲ್ಲಿ ಸೀಟಿ ಹಿಡಿದು ನಿಲ್ಲುವವನು ಒಳ್ಳೆಯವನೇ. ಆದರೂ ನಾನು ಮತ್ತೆ ಮತ್ತೆ ತಲೆ ಎತ್ತುತ್ತೇನೆ, ಕೆಲಸ ನಿಧಾನವೆಂದು ಬೈಸಿಕೊಳ್ಳುತ್ತೇನೆ.

ರಜೆಯ ದಿನ ಅವಳ ಮನೆಗೆ ಹೋದಾಗಲೆಲ್ಲ ಅಕ್ಕ ಬಾಗಿಲ ಕಡೆ ನೋಡಿ ಅದನ್ನೇ ಹೇಳುತ್ತಾಳೆ: "ಒಮ್ಮೆರೆ ಬಂದು ಮಾರಿ ತೋರ್ಸಿ ಹೋಗಬೇಕಿತ್ತು ಅಂವ."