ಮೊದಲ ಬೇಡ

ಜರ್ಮನಿಗೆ ಹೋದ ಹೊಸದರಲ್ಲಿ ನಾನು ಒಂದು ವಾರ ಬಾಯಾರಿಕೊಂಡೇ ಕೆಲಸ ಮಾಡಿದೆ. ಅಲ್ಲಿ ನೀರಿಗೆ ಬರವಿರಲಿಲ್ಲ, ಕಾಫಿಗಂತೂ ಇರಲೇ ಇಲ್ಲ. ಡಯಾಲಿಸಿಸ್ ವಾರ್ಡಿನ ಹಿಂದಿನ ಸಣ್ಣ ಕೋಣೆಯಲ್ಲಿ ದೊಡ್ಡ ಫ್ಲಾಸ್ಕಿನ ತುಂಬ ಬಿಸಿ ಕಾಫಿ ಇಟ್ಟಿರುತ್ತಿದ್ದರು. ನನಗಿಂತ ಹಿರಿಯಳಾದ ನರ್ಸ್ ಒಬ್ಬಳು ದಿನಾ ಬೆಳಿಗ್ಗೆ ಒಂದು ಕಪ್ ಎತ್ತಿ ತೋರಿಸಿ ‘ಕಾಫಿ?’ ಎಂದು ಕೇಳುವಳು. ನಾನು ನಕ್ಕು, ಅವರ ಭಾಷೆಯಲ್ಲಿ, ಬೇಡ ಎನ್ನುವೆ. ಅವಳು ಸರಿ ಎಂದು ತನ್ನ ಕಪ್ಪಿಗೆ ಬಗ್ಗಿಸಿಕೊಂಡು ಹೊರಟೇಬಿಡುವಳು. ನಾನು ಅಲ್ಲೇ ನಿಂತು ಫ್ಲಾಸ್ಕಿನ ಮುಖ ನೋಡುತ್ತಿದ್ದೆ. ಎಂಥ ಒರಟು ಹೆಂಗಸು, ಇನ್ನೊಂದು ಸಲ ಕೇಳಿದ್ದರೆ ಇವಳ ಗಂಟೇನು ಹೋಗುತ್ತಿತ್ತು ಎಂದು ಒಳಗೊಳಗೇ ಉರಿಯುತ್ತಿದ್ದೆ.

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯವರಿಗೆ ನನ್ನ ಸಿಟ್ಟನ್ನು ವಿವರಿಸಬೇಕಾಗಿಲ್ಲ. ಬೇರೆಯವರಿಗಾಗಿ ಹೇಳುತ್ತೇನೆ. ನಮ್ಮಲ್ಲಿ ಮನೆಗೆ ಯಾರೇ ಬರಲಿ, ಅವರು ಚಪ್ಪಲಿ ಬಿಡುವುದರೊಳಗೆ ‘ಆಸ್ರಿಗೆ ಎಂತ ಕೊಡ್ಲಿ?’ ಎಂದು ಕೇಳಬೇಕು. ಆಸ್ರಿಗೆ ಎಂದರೆ ಕುಡಿಯಲಿಕ್ಕೆ ಏನಾದರೂ. ಚಹಾ, ಮಜ್ಜಿಗೆ, ಪಾನಕ, ಕೊನೆಗೆ ಬೆಲ್ಲ ಮತ್ತು ನೀರು. ಬಂದವರು ಮೊದಲ ಸಲಕ್ಕೆ ‘ಬೇಡ, ಈಗಷ್ಟೇ ಆತು’ ಅನ್ನಬೇಕು. ಗಂಟಲು ಒಣಗಿ ಹೋಗಿದ್ದರೂ ಅನ್ನಬೇಕು. ಮನೆಯವರು ಅದನ್ನು ಕಿವಿಗೆ ಹಾಕಿಕೊಳ್ಳದೆ ಮತ್ತೆ ಕೇಳಬೇಕು. ಆಗ ‘ಹಾಗಾದ್ರೆ ಅರ್ಧ ಲೋಟ’ ಎಂದು ಒಪ್ಪಿ, ತುಂಬಿದ ಲೋಟ ಖಾಲಿ ಮಾಡಿ ಹೋಗಬೇಕು. ಮೊದಲ ಬೇಡಕ್ಕೆ ನಮ್ಮಲ್ಲಿ ಯಾರೂ ಬೆಲೆ ಕೊಡುವುದಿಲ್ಲ. ನಿಜವಾಗಿ ಬೇಡವಾದವರು ಲೋಟದ ಮೇಲೆ ಅಂಗೈ ಅಡ್ಡ ಹಿಡಿಯುತ್ತಾರೆ, ಅದು ಕಂಡ ಮೇಲಷ್ಟೇ ಬಿಡುವುದು. ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆ ನನಗೆ ಕಲಿಸಿದ್ದು ಇದನ್ನೇ. ‘ಬಾಯಿ ನೋಡಡ, ಕೈ ನೋಡು’ ಎಂದಿದ್ದರು.

ಎರಡನೇ ವಾರ ತಡೆಯಲಾರದೆ, ಆ ನರ್ಸ್ ಕಪ್ ಎತ್ತುವ ಮೊದಲೇ ‘ಬೇಕು’ ಎಂದುಬಿಟ್ಟೆ. ನಾಚಿಕೆಯಿಂದ ಕಿವಿ ಬಿಸಿಯಾಯಿತು. ಅವಳಿಗೆ ಏನೂ ಅನ್ನಿಸಲಿಲ್ಲ, ಹಾಲು ಎಷ್ಟು ಎಂದಷ್ಟೇ ಕೇಳಿದಳು. ಅಲ್ಲಿ ಬೇಡ ಅಂದರೆ ಬೇಡ, ಬೇಕು ಅಂದರೆ ಬೇಕು. ಎರಡನೇ ಸಲ ಕೇಳಿದರೆ ಒತ್ತಾಯ ಮಾಡಿದ ಹಾಗೆ, ಮರ್ಯಾದೆಯಲ್ಲ. ಕಸವನ್ನು ಬೇರೆ ಬೇರೆ ಡಬ್ಬಿಗೆ ಹಾಕುವುದು, ಭಾನುವಾರ ಮಿಕ್ಸರ್ ಹಾಕಿ ಗದ್ದಲ ಮಾಡದಿರುವುದು, ಇವುಗಳ ಜೊತೆ ಇದನ್ನೂ ಕಲಿತೆ. ನಾನು ಕಲಿತದ್ದನ್ನು ಅರ್ಧಕ್ಕೆ ಬಿಡುವವಳಲ್ಲ.

ನನ್ನನ್ನು ಯಾರೂ ದಬ್ಬಿ ಕಳಿಸಲಿಲ್ಲ. ಶಿರಸಿಯ ಒಂದು ಆಸ್ಪತ್ರೆಯಲ್ಲಿ ಡಯಾಲಿಸಿಸ್ ನರ್ಸ್ ಆಗಿದ್ದೆ. ಕೆಲಸ ಗೊತ್ತಿತ್ತು, ಪ್ರೀತಿಯೂ ಇತ್ತು. ಆದರೆ ಇಷ್ಟು ಗೊತ್ತಿರುವ ಕೆಲಸಕ್ಕೆ ತಕ್ಕ ಸಂಬಳ, ಹೇಳಿದ ಹೊತ್ತಿಗೆ ಮನೆಗೆ ಬಿಡುವ ಪಾಳಿ, ಮಗಳಿಗೆ ನಾಲ್ಕು ಊರು ನೋಡುವ ಅವಕಾಶ ಎಲ್ಲೋ ಇದೆ ಎಂದು ತಿಳಿದ ಮೇಲೆ ಸುಮ್ಮನೆ ಕೂರುವುದು ನನ್ನ ಜಾಯಮಾನವಲ್ಲ. ಪಾಳಿ ಮುಗಿಸಿ ಬಂದು ಫೋನಿನಲ್ಲಿ ಜರ್ಮನ್ ಕಲಿತೆ. ನಮ್ಮ ಮನೆಯವರು ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಶಿರಸಿ ಪಕ್ಕದ ಇಸಳೂರಿನಲ್ಲಿ ಹೊಸದಾಗಿ ಕಟ್ಟಿಸಿದ ನಮ್ಮ ಮನೆಯ ಕಟ್ಟೆಯ ಮೇಲೆ ಕೂತು ಅವರು ನನ್ನಿಂದ ಪಾಠ ಒಪ್ಪಿಸಿಕೊಳ್ಳುತ್ತಿದ್ದರು, ಒಂದಕ್ಷರ ತಿಳಿಯದಿದ್ದರೂ ‘ಇದು ತಪ್ಪು’ ಎಂದು ಗಂಭೀರವಾಗಿ ತಲೆ ಆಡಿಸುತ್ತಿದ್ದರು. ಮೊದಲು ನಾನು ಹೋಗುವುದು, ಆಮೇಲೆ ಅವರೂ ಮಗಳೂ ಬರುವುದು, ಅತ್ತೆ ಸಿದ್ದಾಪುರದ ಹತ್ತಿರ ಬಿಳಗಿಯಲ್ಲಿರುವ ಮೈದುನನ ಮನೆಗೆ ಹೋಗುವುದು ಎಂದು ಮಾತಾಗಿತ್ತು. ಮಗಳಿಗೆ ಆಗ ಐದು ವರ್ಷ.

ಅಲ್ಲಿಯ ಬದುಕನ್ನು ನಾನು ಬೈಯುವುದಿಲ್ಲ. ಒಳ್ಳೆಯ ಮನೆ ಕೊಟ್ಟರು. ಕಿಟಕಿಗೆ ಎರಡೆರಡು ಗಾಜು, ಒಂದು ಸದ್ದೂ ಒಳಗೆ ಬರುವುದಿಲ್ಲ. ಅದೇ ತೊಂದರೆ. ಭಾನುವಾರ ಅಂಗಡಿಗಳೂ ಮುಚ್ಚಿರುತ್ತವೆ. ಶಿರಸಿಯಲ್ಲಿ ಸೂಜಿ ಹಾಕಿಸಿಕೊಂಡು ಮಲಗಿದವರು ತಮ್ಮ ಸೊಸೆಯ ದೂರಿನಿಂದ ಹಿಡಿದು ನೆಂಟರ ಆಸ್ತಿ ಜಗಳದವರೆಗೆ ಎಲ್ಲವನ್ನೂ ನನ್ನ ತಲೆಗೆ ತುಂಬುತ್ತಿದ್ದರು, ‘ಸುಮ್ಮನಿರಿ ಮಾರಾಯ್ರೇ’ ಎಂದು ಗದರಿಸಬೇಕಾಗುತ್ತಿತ್ತು. ಜರ್ಮನಿಯ ರೋಗಿಗಳು ಕಿವಿಗೆ ಹೆಡ್‌ಫೋನ್ ಹಾಕಿ ಕಣ್ಣು ಮುಚ್ಚಿಕೊಳ್ಳುತ್ತಾರೆ, ಹೋಗುವಾಗ ಧನ್ಯವಾದ ಹೇಳುತ್ತಾರೆ. ಮನೆಗೆ ಬಂದು ಬಾಗಿಲು ತೆಗೆದರೆ ಬೆಳಿಗ್ಗೆ ಬಿಟ್ಟ ಚಪ್ಪಲಿ ಬಿಟ್ಟಲ್ಲೇ ಇರುತ್ತಿತ್ತು. ಒಮ್ಮೊಮ್ಮೆ ನಾನೇ ಗಟ್ಟಿಯಾಗಿ ‘ಆಸ್ರಿಗೆ ಎಂತ ಕೊಡ್ಲಿ?’ ಎಂದು ಕೇಳಿಕೊಂಡು, ನಾನೇ ‘ಬೇಡ’ ಎಂದು ಹೇಳಿ, ನಗು ಬರದೆ ಹಾಗೇ ಕೂತದ್ದಿದೆ. ಒಂಟಿತನ ಎಂದರೆ ಬೇರೇನಲ್ಲ, ಬೇಡ ಎಂದ ಮೇಲೆ ಮತ್ತೆ ಕೇಳುವವರು ಇಲ್ಲದಿರುವುದು.

ಹೆಚ್ಚುಕಡಿಮೆ ಎರಡು ವರ್ಷದ ಮೇಲೆ ರಜೆ ಸಿಕ್ಕಿತು. ಬೆಂಗಳೂರಿನಿಂದ ಬಸ್ಸಿನಲ್ಲಿ ಶಿರಸಿಗೆ ಬಂದು ಇಳಿದಾಗ ಬೆಳಿಗ್ಗೆ. ಮನೆಯವರು ಪೆಟ್ಟಿಗೆಗಳನ್ನು ಆಟೋಕ್ಕೆ ಹಾಕಿಸಿ ತಾವು ಬೈಕಿನಲ್ಲಿ ಮುಂದೆ ಹೋದರು. ನಾನು ಆಟೋದಲ್ಲಿ ಕೂತು, ಮಗಳು ‘ಆಯಿ’ ಎಂದು ಓಡಿ ಬಂದು ತೆಕ್ಕೆಗೆ ಬೀಳುತ್ತಾಳೆ, ಬಿದ್ದಾಗ ಅಳಬಾರದು ಎಂದು ನನಗೆ ನಾನೇ ತಾಕೀತು ಮಾಡಿಕೊಳ್ಳುತ್ತಾ ಬಂದೆ.

ಅವಳು ಓಡಿ ಬರಲಿಲ್ಲ. ಮೆಟ್ಟಿಲ ಮೇಲೆ ನಿಂತಿದ್ದಳು, ಎರಡೂ ಕೈಯಲ್ಲಿ ತಟ್ಟೆ ಹಿಡಿದು. ತಟ್ಟೆಯಲ್ಲಿ ಬೆಲ್ಲದ ಚೂರು, ಒಂದು ಲೋಟ ನೀರು. ಅತ್ತೆಗೆ ಮಂಡಿನೋವು ಶುರುವಾದ ಮೇಲೆ ಬಂದವರನ್ನು ವಿಚಾರಿಸಿಕೊಳ್ಳುವ ಕೆಲಸ ಮಗಳದಾಗಿತ್ತು. ಬಸ್ಸಿಗೆ ಬಂದವರು, ಪೇಟೆಗೆ ಹೋಗುವವರು ಎಂದು ನಮ್ಮ ಮನೆಗೆ ಜನ ಬರುತ್ತಲೇ ಇರುತ್ತಾರೆ. ಅವಳಿಗೆ ಅದು ಚೆನ್ನಾಗಿ ರೂಢಿಯಾಗಿತ್ತು. ನಾನು ಚಪ್ಪಲಿ ಬಿಡುವುದರೊಳಗೆ ಕೇಳಿದಳು:

‘ಆಸ್ರಿಗೆ ಎಂತ ಕೊಡ್ಲಿ? ಚಾನೋ, ಮಜ್ಜಿಗೆನೋ?’

ಮನೆಯ ಮಂದಿಗೆ ಯಾರೂ ಹಾಗೆ ಕೇಳುವುದಿಲ್ಲ. ಮನೆಯ ಮಂದಿ ಸೀದಾ ಅಡುಗೆಮನೆಗೆ ಹೋಗಿ ಮಜ್ಜಿಗೆ ಪಾತ್ರೆಗೆ ಸೌಟು ಹಾಕುತ್ತಾರೆ. ಅದಕ್ಕಿಂತ ಕೆಟ್ಟದ್ದು ನನ್ನ ಬಾಯಿ. ಅದು ತನ್ನಷ್ಟಕ್ಕೇ ‘ಬೇಡ, ಈಗಷ್ಟೇ ಆತು’ ಎಂದುಬಿಟ್ಟಿತು. ಮಗಳು ಅಜ್ಜಿ ಕಲಿಸಿದ ಹಾಗೆ ‘ಅರ್ಧ ಲೋಟನಾದ್ರೂ’ ಎಂದಳು. ನಾನು ಕುಡಿದೆ. ಅತ್ತೆ ಒಳಗಿನಿಂದ ‘ಅಯ್ಯೋ ಕೂಸೇ, ಅದು ಆಯಿ ಅಲ್ದನೇ!’ ಎಂದು ನಕ್ಕರು. ಎಲ್ಲರೂ ನಕ್ಕೆವು. ನಾನು ಬಚ್ಚಲಿಗೆ ಹೋಗಿ ನಲ್ಲಿ ಪೂರ್ತಿ ತಿರುಗಿಸಿ ಅತ್ತುಬಿಟ್ಟೆ.

ರಜೆಯುದ್ದಕ್ಕೂ ಅವಳು ನನಗೆ ತೊಂದರೆ ಕೊಡಲಿಲ್ಲ. ಅಜ್ಜಿಯ ಹತ್ತಿರ ಹಟ, ಅಪ್ಪನ ಹತ್ತಿರ ಕಾಲು ಅಪ್ಪಳಿಸಿ ರಂಪ. ನನ್ನ ಹತ್ತಿರ ಮಾತ್ರ ಬಂಗಾರದಂಥ ಹುಡುಗಿ. ಫ್ಯಾನಿನ ಕೆಳಗಿನ ಕುರ್ಚಿ ನನಗೆ ಬಿಟ್ಟುಕೊಡುತ್ತಿದ್ದಳು. ನಾನು ತಂದ ಚಾಕೊಲೇಟನ್ನು ಕೂಡ ಮೊದಲ ಸಲ ಬೇಡ ಎಂದು, ಎರಡನೇ ಸಲ ಕೊಟ್ಟಾಗ ತೆಗೆದುಕೊಂಡಳು. ‘ಎಷ್ಟು ಒಳ್ಳೇ ಕೂಸು’ ಎಂದು ಬಂದವರೆಲ್ಲ ಹೊಗಳಿದರು. ನನಗೆ ಮೈ ಉರಿಯುತ್ತಿತ್ತು. ನನ್ನ ಮೇಲೊಂದು ಸಲ ಕೂಗಾಡಬಾರದೇ ಇವಳು, ನಾನು ಬಾಚಿದ ಜಡೆ ಸರಿಯಿಲ್ಲ ಎಂದು ಬಿಚ್ಚಿ ಎಸೆಯಬಾರದೇ ಎಂದು ಕಾಯುತ್ತಿದ್ದೆ. ಅವಳು ಕನ್ನಡಿ ನೋಡಿ ‘ಚೊಲೋ ಆಜು’ ಎಂದು ಮೆಚ್ಚಿಕೊಳ್ಳುತ್ತಿದ್ದಳು.

ಮನೆಯವರ, ಮಗಳ ವೀಸಾದ ಕಾಗದಪತ್ರಗಳೆಲ್ಲ ಹೆಚ್ಚುಕಡಿಮೆ ತಯಾರಾಗಿದ್ದವು. ಮುಂದೇನು ಎಂದು ಮನೆಯವರನ್ನು ಕೇಳಿದೆ.

‘ಆನು ಹೇಳಿದ್ರೆ ಕೂಸು ಬತ್ತು. ಆದ್ರೆ ಆನು ಹೇಳ್ತ್ನಿಲ್ಲೆ’ ಎಂದರು. ‘ನೀನೇ ಕೇಳು. ಅದು ಹೂಂ ಅಂದ್ರೆ ಡಿಪೋಕ್ಕೆ ರಾಜೀನಾಮೆ ಕೊಡ್ತೆ. ಅಳಿಸ್ಕ್ಯೋತ ಕರ್ಕಂಡು ಹೋಗದು ಬೇಡ.’

ಅದು ನ್ಯಾಯದ ಮಾತು, ಅದಕ್ಕೇ ಜಗಳವಾಡಲಾಗಲಿಲ್ಲ. ಇವಳು ಹೂಂ ಎಂದರೆ ಮೂವರೂ ಒಂದೆಡೆ. ಇಲ್ಲವೆಂದರೆ ನಾನು ಆ ಎರಡು ಗಾಜಿನ ಕಿಟಕಿಯ ಹಿಂದೆ ಇನ್ನೆಷ್ಟು ಕಾಲವೋ. ಕೇಳಲು ಹೆದರಿ ದಿನ ದೂಡಿದೆ. ರೋಗಿಗಳ ತೋಳಿಗೆ ಬೆಂಕಿಕಡ್ಡಿಯಷ್ಟು ದಪ್ಪದ ಸೂಜಿ ಚುಚ್ಚುವ ನಾನು, ಏಳು ವರ್ಷದ ಹುಡುಗಿಗೆ ಒಂದು ಪ್ರಶ್ನೆ ಕೇಳಲು ಹೆದರಿದೆ.

ಹೊರಡುವ ಹಿಂದಿನ ದಿನ ಅವಳನ್ನು ಸ್ಕೂಟಿಯಲ್ಲಿ ಕೂರಿಸಿಕೊಂಡು ಬಿಳಗಿಯ ಮೈದುನನ ಮನೆಗೆ ಹೋಗಿ ಬಂದೆ. ಬರುವಾಗ ಸಿದ್ದಾಪುರದಲ್ಲಿ ಕಬ್ಬಿನ ಹಾಲು ಕುಡಿಯಲು ನಿಲ್ಲಿಸಿದೆ. ಬೆಂಚಿನ ಮೇಲೆ ಅಕ್ಕಪಕ್ಕ ಕೂತಿದ್ದೆವು. ಗಾಣದ ಗೆಜ್ಜೆ ಘಲ್ ಘಲ್ ಎನ್ನುತ್ತಿತ್ತು. ಅವಳ ತುಟಿಯ ಮೇಲೆ ನೊರೆಯ ಮೀಸೆ. ಈಗ ಇಲ್ಲದಿದ್ದರೆ ಇನ್ನಿಲ್ಲ ಎಂದುಕೊಂಡು ಕೇಳಿದೆ.

‘ಕೂಸೇ, ನೀನೂ ಅಪ್ಪಯ್ಯನೂ ಎನ್ನ ಜೊತಿಗೆ ಅಲ್ಲಿಗೇ ಬತ್ರಾ? ಅಲ್ಲೇ ಇಪ್ಪಲೆ?’

ಅವಳು ಲೋಟದ ಒಳಗೆ ನೋಡಿದಳು. ‘ಬೇಡ’ ಎಂದಳು.

ನಾನು ‘ಅಡ್ಡಿಲ್ಲೆ’ ಎಂದೆ, ಆ ಕ್ಷಣವೇ. ಒತ್ತಾಯ ಮಾಡಬಾರದು, ಮಗುವಿಗೂ ಒಂದು ಮನಸ್ಸಿದೆ, ಕೇಳಿದ್ದಕ್ಕೆ ನೇರ ಉತ್ತರ ಕೊಟ್ಟಿದ್ದಾಳೆ. ಹೀಗೆಲ್ಲ ಯೋಚಿಸಿದೆ. ಕಬ್ಬಿನ ಹಾಲಿನ ದುಡ್ಡು ಕೊಟ್ಟು, ಸ್ಕೂಟಿ ಚಾಲೂ ಮಾಡಿದೆ.

ಆ ಸಂಜೆ ನಾನು ಪೆಟ್ಟಿಗೆ ತುಂಬುವಾಗ ಅವಳು ಬಾಗಿಲಿಗೆ ಆತು ನಿಂತಿದ್ದಳು.

‘ಅಲ್ಲಿ ಶಾಲೆಗೆ ಬಸ್ಸು ಬತ್ತಾ?’

‘ಬತ್ತು.’

‘ಅಲ್ಲಿ ದೋಸೆಗೆ ಉದ್ದಿನಬೇಳೆ ಸಿಕ್ತಾ?’

‘ಎಲ್ಲಾ ಸಿಕ್ತು. ಎಂತಕ್ಕೆ?’

‘ಸುಮ್ನೆ.’

ಪೆಟ್ಟಿಗೆಯ ಜಿಪ್ ಸಿಕ್ಕಿಕೊಂಡಿತ್ತು. ಬೇಡ ಎಂದ ಮೇಲೆ ಇದೆಲ್ಲ ಯಾಕೆ ಕೇಳಿ ಹೊಟ್ಟೆ ಉರಿಸುತ್ತಾಳೆ ಎಂದು ನನಗೆ ಸಿಟ್ಟು ಬಂತು. ‘ಹೋಗು, ಅಜ್ಜಿ ಕರೀತಾ ಇದ್ದು’ ಎಂದೆ. ಅಜ್ಜಿ ಕರೆಯುತ್ತಿರಲಿಲ್ಲ. ಅವಳು ಹೋದಳು. ಮರುದಿನ ಗೇಟಿನ ಹತ್ತಿರ ನಿಂತು, ನೆಂಟರಿಗೆ ಹೇಳುವ ಹಾಗೆ ‘ಮತ್ತೆ ಬಾ, ಆತಾ?’ ಎಂದಳು.

ಜರ್ಮನಿಗೆ ಮರಳಿ ಒಂದು ತಿಂಗಳಾಗಿರಬೇಕು. ಒಂದು ಭಾನುವಾರ ಮಧ್ಯಾಹ್ನ, ಅವರಿಗೆ ಸಂಜೆ, ವಿಡಿಯೊ ಕಾಲ್ ಮಾಡಿದೆ. ಅತ್ತೆ ಬಳ್ಳಿಯಿಂದ ಮಲ್ಲಿಗೆ ಕೊಯ್ದು ತಂದು ಕಟ್ಟುತ್ತಾ ಕೂತಿದ್ದರು, ಮಗಳು ಪಕ್ಕದಲ್ಲಿ. ಮಾತಿನ ನಡುವೆ ಅತ್ತೆ ನಗುತ್ತಾ ಅಂದರು:

‘ಅಲ್ದೇ, ನೀನು ಕೂಸಿಗೆ ಒಂದೇ ಸಲ ಕೇಳಿ ಬಿಟ್ಯಡ? ಆಯಿ ಇನ್ನೊಂದ್ಸಲ ಕೇಳ್ತು ಹೇಳಿ ಅದು ರಾತ್ರಿ ಉಂಬವರೆಗೂ ಕಾದಿತ್ತಡ. ನಿನ್ನೆ ಎನ್ನ ಹತ್ರ ಹೇಳ್ತು.’

ಬಾಗಿಲಿಗೆ ಆತು ನಿಂತ ಅವಳು ಕಣ್ಣಿಗೆ ಕಟ್ಟಿದಳು. ಶಾಲೆಯ ಬಸ್ಸು, ಉದ್ದಿನಬೇಳೆ. ಮಗು ದಾರಿ ಮಾಡಿಕೊಟ್ಟಿತ್ತು, ನಾನು ಜಿಪ್ ಎಳೆಯುತ್ತಾ ಕೂತಿದ್ದೆ. ನಮ್ಮ ಕಡೆಯ ಯಾವ ಹೆಂಗಸೂ ಮನೆಗೆ ಬಂದ ಅಪರಿಚಿತರನ್ನು ಕೂಡ ಒಂದೇ ಸಲ ಕೇಳಿ ಕಳಿಸುವುದಿಲ್ಲ. ನಾನು ಹೆತ್ತ ಮಗಳನ್ನು ಕಳಿಸಿದ್ದೆ.

‘ಅದರ ಕೈಗೆ ಫೋನ್ ಕೊಡಿ ಅತ್ತೆ’ ಎಂದೆ. ಪರದೆಯ ತುಂಬ ಅವಳ ಮುಖ ಬಂತು, ಹಣೆ ಅರ್ಧ ಕತ್ತರಿಸಿ.

‘ಕೂಸೇ, ಆನು ಮತ್ತೊಂದ್ಸಲ ಕೇಳ್ತಾ ಇದ್ದೆ. ಎನ್ನ ಜೊತಿಗೆ ಬತ್ಯಾ?’

ಅವಳು ಅಜ್ಜಿಯ ಕಡೆ ನೋಡಿದಳು, ಮತ್ತೆ ನನ್ನ ಕಡೆ. ‘ಬೇಡ’ ಎಂದಳು.

ಇದು ಯಾವ ಬೇಡ? ಮತ್ತೆ ಲೆಕ್ಕ ಮೊದಲಿನಿಂದ ಶುರುವಾದ ಬೇಡವೋ, ಕಾದು ಕಾದು ಬೇಸತ್ತ ಕೊನೆಯ ಬೇಡವೋ? ಎದುರಿಗಿದ್ದಿದ್ದರೆ ತಿಳಿಯುತ್ತಿತ್ತು. ಪರದೆಯಲ್ಲಿ ಬರೀ ಮುಖವಿತ್ತು.

‘ಕೈ ತೋರ್ಸು’ ಎಂದೆ.

ಮಾತು ಮುಗಿಯಿತೆಂದು ತಿಳಿದಳೋ ಏನೋ, ಅವಳು ಕೈ ಎತ್ತಿ ಟಾಟಾ ಮಾಡಿದಳು. ಕಾಲ್ ಕಟ್ಟಾಯಿತು.

ಮರುದಿನ ಬೆಳಿಗ್ಗೆ ವಾರ್ಡಿನ ಮೇಲ್ವಿಚಾರಕಿಯ ಕೋಣೆಗೆ ಹೋಗಿ ಮತ್ತೆ ರಜೆ ಬೇಕು, ಆದಷ್ಟು ಬೇಗ ಬೇಕು ಎಂದೆ. ಅವಳು ಒಳ್ಳೆಯವಳು. ನನ್ನ ಮಾತನ್ನು ಪೂರ್ತಿ ಕೇಳಿ, ಈಗಷ್ಟೇ ಹೋಗಿ ಬಂದಿದ್ದೀಯಲ್ಲ, ಈ ವರ್ಷ ಆಗುವುದಿಲ್ಲ ಎಂದಳು. ಅಲ್ಲಿಗೆ ಮುಗಿಯಿತು ಎಂಬಂತೆ ಕಂಪ್ಯೂಟರಿನ ಕಡೆ ತಿರುಗಿದಳು. ಆ ಊರಿನಲ್ಲಿ ಅಷ್ಟಕ್ಕೆ ಎದ್ದು ಬರಬೇಕು.

ನಾನು ಏಳಲಿಲ್ಲ. ಕುರ್ಚಿಯನ್ನು ಇನ್ನೊಂದಿಷ್ಟು ಮುಂದಕ್ಕೆ ಎಳೆದುಕೊಂಡು, ಎರಡನೇ ಸಲ ಕೇಳಿದೆ.