ಅಕ್ಕನ ಕಣ್ಣು ಮತ್ತು ಮುಖವಿಲ್ಲದ ನಾಣ್ಯ

ಮೂಡುಬಿದಿರೆಯಲ್ಲಿರುವ ನನ್ನ ಅಕ್ಕನಿಗೆ ಹೆಸರಿಲ್ಲದ ಹಣ ತಲುಪಿಸುವ ಕಾರ್ಯವನ್ನು ನಾನು ಕೈಗೆತ್ತಿಕೊಂಡದ್ದು ನಿವೃತ್ತಿಯ ನಾಲ್ಕನೆಯ ವರ್ಷದಲ್ಲಿ. ಬೆಳ್ತಂಗಡಿಯ ತಾಲೂಕು ಕಚೇರಿಯಲ್ಲಿ ಅರ್ಧ ಆಯುಷ್ಯ ಕಡತಗಳನ್ನು ಒಂದು ಮೇಜಿನಿಂದ ಇನ್ನೊಂದಕ್ಕೆ ದಾಟಿಸಿದವನಿಗೆ ಇದು ಏನು ಮಹಾ ಎಂದುಕೊಂಡಿದ್ದೆ.

ಪ್ರಕರಣದ ಹಿನ್ನೆಲೆ ಹೀಗಿದೆ. ಅದಕ್ಕೂ ಎಂಟು ವರ್ಷ ಮೊದಲು ಅಕ್ಕನ ಮಗಳ ಮದುವೆಯಾಯಿತು. ನಮ್ಮ ಕಡೆ ಮದುವೆಗೆ ಕರೆಯಲು ಹತ್ತಿರದವರ ಮನೆಗೆ ಹೋಗಿ, ಚಾವಡಿಯಲ್ಲಿ ಕೂತು, ಕಾಗದ ಕೈಗೆ ಕೊಟ್ಟು, ಬಾಯಿಬಿಟ್ಟು ಹೇಳಿಕೆ ಹೇಳಬೇಕು. ಅಕ್ಕನ ಗಂಡ ತೀರಿಕೊಂಡು ಆಗಿನ್ನೂ ವರ್ಷ ಕಳೆದಿತ್ತಷ್ಟೆ. ಹಾಲ್, ಅಡಿಗೆಯವರು, ಸೀರೆ ಎಂದು ಒಬ್ಬಳೇ ಓಡಾಡುತ್ತಿದ್ದವಳು ನನಗೆ ಕಾಗದದ ಚಿತ್ರವನ್ನು ವಾಟ್ಸಾಪಿನಲ್ಲಿ ಕಳಿಸಿದಳು. ಸೋದರಮಾವನಿಗೆ ವಾಟ್ಸಾಪಿನಲ್ಲಿ ಹೇಳಿಕೆಯೇ? ನಾನು ಹೋಗಲಿಲ್ಲ. ಧಾರೆಯ ಹೊತ್ತಿಗೆ ನಾನು ನಿಲ್ಲಬೇಕಾದ ಜಾಗದಲ್ಲಿ ದೂರದ ಸಂಬಂಧದ ಯಾರೋ ನಿಂತರಂತೆ. ನನ್ನ ಘನತೆ ಆ ಮಧ್ಯಾಹ್ನ ಪುಂಜಾಲಕಟ್ಟೆಯ ನಮ್ಮ ಮನೆಯಲ್ಲಿ ಉಪ್ಪಿನಕಾಯಿ ನೆಂಚಿಕೊಂಡು ಗಂಜಿ ಉಂಡಿತು.

ಅಂದಿನಿಂದ ಅಕ್ಕ ಮಾತು ಬಿಟ್ಟಳು. ಜಗಳವೂ ಇಲ್ಲ, ಬೈಗುಳವೂ ಇಲ್ಲ. ವಿಲೇವಾರಿಯಾಗದ ಕಡತದ ಹಾಗೆ ನನ್ನನ್ನು ಕಪಾಟಿನ ಮೇಲಿಟ್ಟಳು.

ಹೋದ ವರ್ಷ ಮಳೆಗಾಲ ಮುಗಿಯುತ್ತಿದ್ದ ಹಾಗೆ ಸೊಸೆ, ಅಂದರೆ ಆ ಮದುವೆಯ ಮದುಮಗಳೇ, ನನಗೆ ಫೋನ್ ಮಾಡಿದಳು. ಅಮ್ಮನ ಎರಡೂ ಕಣ್ಣಿಗೆ ಪೊರೆ ಬಂದಿದೆ, ಇನ್ನು ತಡ ಮಾಡಬೇಡಿ ಎಂದು ಡಾಕ್ಟರು ಹೇಳಿಯಾಗಿದೆ. ಆದರೆ ಅಮ್ಮ, ಮದುವೆ ಸೀಸನಿನ ರವಿಕೆಗಳನ್ನು ಹೊಲಿದು ಮುಗಿಸಿ ಆ ದುಡ್ಡಿನಲ್ಲೇ ಮಾಡಿಸಿಕೊಳ್ಳುತ್ತೇನೆ ಎಂದು ಕೂತಿದ್ದಾರೆ; ಅಳಿಯನ ದುಡ್ಡು ಮುಟ್ಟುವುದಿಲ್ಲವಂತೆ. ಸೂಜಿಗೆ ನೂಲು ಪೋಣಿಸಲು ಅಂಗಡಿಗೆ ಬಂದ ಗಿರಾಕಿಗಳನ್ನೇ ಕೇಳುವ ಸ್ಥಿತಿಯಲ್ಲಿರುವ ದರ್ಜಿ, ಹೊಲಿದು ಕಣ್ಣು ಸರಿ ಮಾಡಿಸಿಕೊಳ್ಳುವ ಯೋಜನೆ ಇದು. ನಮ್ಮ ಮನೆತನದ ಹಠ ಅದರಲ್ಲಿ ಎದ್ದು ಕಾಣುತ್ತಿತ್ತು.

ಕೂಡಲೇ ಅಕ್ಕನಿಗೆ ಮೊಬೈಲಿನಿಂದ ಹತ್ತು ಸಾವಿರ ಕಳಿಸಿದೆ. ಚಾ ಕುಡಿದು ಲೋಟ ಕೆಳಗಿಡುವುದರೊಳಗೆ ಹತ್ತು ಸಾವಿರದ ಒಂದು ರೂಪಾಯಿ ಮರಳಿ ಬಂತು. ಮೇಲಿನ ಒಂದು ರೂಪಾಯಿ ಉಡುಗೊರೆಯ ಲೆಕ್ಕದ್ದು. ಅಷ್ಟು ಚೆನ್ನಾಗಿ ನನಗೆ ಯಾರೂ ಕೆನ್ನೆಗೆ ಹೊಡೆದದ್ದಿಲ್ಲ.

ಆಗ ಒಂದು ನಿರ್ಣಯಕ್ಕೆ ಬಂದೆ. ಅಕ್ಕನಿಗೆ ಹಣ ತಲುಪಲೇಬೇಕು, ನನ್ನ ಹೆಸರು ತಲುಪಬಾರದು. ಬ್ಯಾಂಕಿನಲ್ಲಿ ಹೆಸರು ಬೀಳುತ್ತದೆ, ಮನಿಯಾರ್ಡರಿನಲ್ಲೂ ಬೀಳುತ್ತದೆ. ಲಕೋಟೆ ಕಳಿಸಿದರೆ ನನ್ನ ಅಕ್ಷರ ಅವಳಿಗೆ ಗೊತ್ತು.

ಬಂಟ್ವಾಳ ಪೇಟೆಯಲ್ಲಿ ಮೊಬೈಲ್ ಅಂಗಡಿ ಇಟ್ಟಿರುವ ನನ್ನ ಹೆಂಡತಿಯ ತಮ್ಮ ಗಲ್ಫಿನಲ್ಲಿ ಹದಿನೈದು ವರ್ಷ ಇದ್ದು ಬಂದವನು. ಅವನಲ್ಲಿ ವಿಷಯ ಪ್ರಸ್ತಾಪಿಸಿದೆ. ಕಂಪ್ಯೂಟರಿನೊಳಗೇ ಹುಟ್ಟಿ ಅಲ್ಲೇ ಓಡಾಡುವ ಒಂದು ಜಾತಿಯ ನಾಣ್ಯ ಉಂಟೆಂದೂ, ಅದರಲ್ಲಿ ಕೊಟ್ಟವನು ಯಾರು, ಕೊಂಡವನು ಯಾರು, ಎಷ್ಟು ಎಂಬುದು ಮೂರನೆಯವನಿಗೆ ಕಾಣುವುದಿಲ್ಲವೆಂದೂ ಅವನು ವಿವರಿಸಿದ. ನನಗೆ ರೋಮಾಂಚನವಾಯಿತು.

"ಆದರೆ ಭಾವ, ಇನ್‌ಕಮ್ ಟ್ಯಾಕ್ಸ್‌ನವರಿಗೆ ತೋರಿಸಬೇಕು, ಆಯ್ತಾ? ಮತ್ತೆ ನನ್ನನ್ನು ಎಳೆಯಬೇಡಿ" ಎಂದ. ನಮ್ಮ ಕಡೆ ನಾನು ಅವನಿಗೆ ಭಾವ, ಅವನೂ ನನಗೆ ಭಾವ.

ಸರ್ಕಾರದಿಂದ ಮುಚ್ಚಿಡುವ ಉದ್ದೇಶ ನನಗೆ ಎಳ್ಳಷ್ಟೂ ಇಲ್ಲ, ಅಕ್ಕನಿಂದ ಮಾತ್ರ ಎಂದು ಭರವಸೆ ಕೊಟ್ಟೆ.

ಯೋಜನೆ ಸಿದ್ಧವಾಯಿತು. ಮೂಡುಬಿದಿರೆಯಲ್ಲಿ ಕಣ್ಣಿನ ಆಸ್ಪತ್ರೆಯ ಹತ್ತಿರ ಭಾವನ ಪರಿಚಯದವರ ಒಂದು ಮೆಡಿಕಲ್ ಶಾಪ್ ಉಂಟು. ಯಾರೋ ದಾನಿ ನಾಣ್ಯ ಕಳಿಸುತ್ತಾರೆ ಎಂದಷ್ಟೇ ಅವರಿಗೆ ಹೇಳುವುದು. ಅವರು ಅಷ್ಟು ರೂಪಾಯಿಯನ್ನು ಆಸ್ಪತ್ರೆಗೆ ಕಟ್ಟುವುದು. ಹಾಗಾದರೆ ಅವರ ಕೈಗೆ ನೋಟನ್ನೇ ಕೊಡಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ನೋಟು ಕೊಡಲು ನಾನು ಹೋಗಿ ಅವರೆದುರು ನಿಲ್ಲಬೇಕು. ಮೆಡಿಕಲಿನವರಿಗೆ ಗೊತ್ತಾದದ್ದು ಬಸ್‌ಸ್ಟ್ಯಾಂಡಿಗೆ ಗೊತ್ತಾಗಲು ಎಷ್ಟು ಹೊತ್ತು ಬೇಕು? ಇನ್ನೊಂದು ತೊಡಕೂ ಇತ್ತು. ಆ ನಾಣ್ಯವನ್ನು ರೂಪಾಯಿ ಮಾಡಿಕೊಡುವವರು ಈ ಸೀಮೆಯಲ್ಲಿ ಯಾರೂ ಇರಲಿಲ್ಲ. ಕೊನೆಗೆ ನನಗೆ ನಾಣ್ಯ ಕೊಡುವವನೂ ಭಾವ, ಅವರಿಂದ ಅದನ್ನು ವಾಪಸು ಕೊಳ್ಳುವವನೂ ಭಾವ ಎಂದಾಯಿತು. ಜಗತ್ತಿನ ಅತ್ಯಂತ ಗುಟ್ಟಿನ ಹಣದ ಎರಡೂ ತುದಿಯಲ್ಲಿ ನನ್ನ ಹೆಂಡತಿಯ ತಮ್ಮ ನಿಂತಿದ್ದ. ನಾನು ಎದೆಗುಂದಲಿಲ್ಲ.

ನಾಣ್ಯದ ಪೆಟ್ಟಿಗೆ ಫೋನಿನೊಳಗೆ ಬಂತು. ಅದರ ಬೀಗದ ಕೈ ಎಂದರೆ ಒಂದಕ್ಕೊಂದು ಸಂಬಂಧವಿಲ್ಲದ ಇಪ್ಪತ್ತೈದು ಇಂಗ್ಲಿಷ್ ಪದಗಳು. ಕಳೆದುಹೋದರೆ ದೇವರೂ ತೆಗೆದುಕೊಡಲಾರ. ಅವನ್ನು ಶುದ್ಧ ಅಕ್ಷರದಲ್ಲಿ ಬರೆದು ಪಂಚಾಂಗದೊಳಗಿಟ್ಟೆ. ಏಕಾದಶಿ ನೋಡಲು ಪಂಚಾಂಗ ತೆಗೆದ ಹೆಂಡತಿ ಆ ಕಾಗದ ಓದಿ, ನನ್ನನ್ನು ಎದುರು ಕೂರಿಸಿ, ಎರಡೂ ಕೈ ಮೇಲೆತ್ತಲು ಹೇಳಿದಳು. ಸ್ಟ್ರೋಕ್ ಆದವರನ್ನು ಹಾಗೆ ಪರೀಕ್ಷಿಸಬೇಕೆಂದು ಎಲ್ಲೋ ಓದಿದ್ದಳಂತೆ.

ದೊಡ್ಡ ಮೊತ್ತ ಕಳಿಸುವ ಮೊದಲು ಸಣ್ಣದೊಂದು ಪರೀಕ್ಷೆ ಮಾಡುವ ಎಂದು ಭಾವ ಹೇಳಿದ. ಮಡಂತ್ಯಾರಿನಲ್ಲಿ ಹೋಟೆಲ್ ಇಟ್ಟಿರುವ ಅವನ ಗಲ್ಫಿನ ಸ್ನೇಹಿತನ ಫೋನಿನಲ್ಲೂ ಆ ಪೆಟ್ಟಿಗೆ ಇತ್ತು. ಒಂದು ಬೆಳಿಗ್ಗೆ ಹತ್ತು ಗಂಟೆಗೆ ಅಲ್ಲಿ ಕೂತು ಎರಡು ಪ್ಲೇಟ್ ಗೋಳಿಬಜೆ, ಎರಡು ಚಾ ತೆಗೆದುಕೊಂಡು, ಗಲ್ಲಾದ ಮುಂದೆ ನಿಂತು, ಗಂಭೀರವಾಗಿ ಫೋನ್ ಹಿಡಿದು ಪಾವತಿ ಮಾಡಿದೆ. ಹೋಟೆಲಿನ ಧನಿ ತನ್ನ ಫೋನ್ ನೋಡಿ, ಬರುತ್ತಾ ಉಂಟು ಎಂದರು. ಪೂರ್ತಿ ಗಟ್ಟಿಯಾಗಲು ಇಪ್ಪತ್ತು ನಿಮಿಷ ಬೇಕಂತೆ.

ಗಲ್ಲಾದ ಮುಂದೆ ಒಬ್ಬ ಮನುಷ್ಯ ಇಪ್ಪತ್ತು ನಿಮಿಷ ನಿಂತರೆ ಮಡಂತ್ಯಾರಿನಲ್ಲಿ ಅದಕ್ಕೊಂದು ಕಾರಣ ಬೇಕಾಗುತ್ತದೆ. ಪಕ್ಕದ ಟೇಬಲಿನವರು ದುಡ್ಡು ಕಮ್ಮಿಯಾಯಿತೋ ಎಂದು ಕೇಳಿ ತಮ್ಮ ಪರ್ಸ್ ತೆಗೆದರು. ಮೀನು ಮಾರಿ ಬಂದವರೊಬ್ಬರು ಇಣುಕಿ ನೋಡಿದರು. ಚಾರ್ಮಾಡಿ ಕಡೆಯ ಬಸ್ಸಿನ ಕಂಡಕ್ಟರು ಚಾ ಕುಡಿಯುತ್ತಾ ಪೂರ್ತಿ ವಿವರಣೆ ಕೇಳಿದರು. ಭಾವ ಉತ್ಸಾಹದಿಂದ ಕೊಟ್ಟ. ಇದರಲ್ಲಿ ಯಾರು ಕೊಟ್ಟದ್ದೆಂದು ಯಾರಿಗೂ ಗೊತ್ತಾಗುವುದಿಲ್ಲ ಎಂದು ಅವನು ಹೇಳುವಾಗ, ಹದಿಮೂರು ಜನ ನನ್ನನ್ನೇ ನೋಡುತ್ತಿದ್ದರು.

"ಒಳ್ಳೆ ಗುಟ್ಟು ಮಾರಾಯ್ರೆ" ಎಂದರು ಕಂಡಕ್ಟರು, ಮತ್ತು ಬಸ್ಸಿಗೆ ವಿಸಿಲ್ ಹಾಕಿದರು.

ಸುದ್ದಿ ಬಸ್ಸಿನಲ್ಲೇ ಹೋಯಿತು. ಮಧ್ಯಾಹ್ನ ಹಿಟ್ಟಿನ ಮಿಲ್ಲಿನಲ್ಲಿ ನನ್ನ ಹೆಂಡತಿಯನ್ನು ಯಾರೋ ವಿಚಾರಿಸಿದರು: ತಾಲೂಕು ಕಚೇರಿಯಲ್ಲಿದ್ದಾಗ ಮಾಡಿದ್ದನ್ನು ನಿಮ್ಮ ಯಜಮಾನರು ಈಗ ಹೊರಗೆ ತೆಗೆಯುತ್ತಿದ್ದಾರಂತೆ, ಹೌದಾ? ಸೇವಾವಧಿಯಲ್ಲಿ ಒಂದು ಎಳನೀರನ್ನೂ ಪುಕ್ಕಟೆ ಕುಡಿಯದವನಿಗೆ ನಿವೃತ್ತಿಯ ನಂತರ ಲಂಚದ ಖ್ಯಾತಿ ಬಂತು.

ಮರುದಿನ ಬೆಳಿಗ್ಗೆ ಫೋನ್ ಬಂತು. ಪರದೆಯ ಮೇಲೆ ಅಕ್ಕನ ಹೆಸರು. ಎಂಟು ವರ್ಷದ ನಂತರ. ನಾನು ಎದ್ದು ನಿಂತು ಫೋನ್ ಎತ್ತಿದೆ. ನಾವು ಆಡಿದ್ದು ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುವಾಗ ಖಾರ ಸ್ವಲ್ಪ ಇಳಿದಿದೆ.

"ನಿನ್ನ ಹತ್ತಿರ ಗುಟ್ಟಿನ ದುಡ್ಡು ಉಂಟಂತೆ. ಯಾರಿಗೆ ಹೆದರಿ ಅಡಗಿಸಿದ್ದು?"

"ನಿನಗೆ" ಎಂದೆ.

ಆ ಕಡೆ ಹೊಲಿಗೆ ಮಿಷನಿನ ಸದ್ದು ನಿಂತಿತು. ಕಣ್ಣಿನ ವಿಷಯ, ಮೆಡಿಕಲ್ ಶಾಪು, ದಾನಿ, ಎಲ್ಲವನ್ನೂ ಕ್ರಮವಾಗಿ ವರದಿ ಮಾಡಿದೆ.

"ಹೇಳಿಕೆ ಮನೆಗೆ ಬಂದು ಹೇಳಬೇಕು ಅಂತ ನನ್ನ ಮಗಳ ಧಾರೆಗೆ ಬಾರದವ ನೀನು" ಎಂದಳು. "ಈಗ ದುಡ್ಡು ಮಾತ್ರ ಮುಖ ಇಲ್ಲದೆ ಕಳಿಸ್ತಿಯಾ?"

ಅವಳು ಫೋನ್ ಇಟ್ಟಳು. ಬಾ ಎನ್ನಲಿಲ್ಲ, ಬರಬೇಡ ಎಂದೂ ಹೇಳಲಿಲ್ಲ. ಬರಬೇಡ ಎಂಬ ಲಿಖಿತ ಆದೇಶ ಇಲ್ಲದಿರುವುದರಿಂದ ಹೋಗಬಹುದು ಎಂದು ನಾನು ಟಿಪ್ಪಣಿ ಹಾಕಿಕೊಂಡೆ.

ಮಾರನೆಯ ದಿನ ಬ್ಯಾಂಕಿನಿಂದ ನೋಟು ತೆಗೆದು, ಲಕೋಟೆಯಲ್ಲಿಟ್ಟು, ಮೇಲೆ ನನ್ನ ಹೆಸರನ್ನು ದಪ್ಪ ಅಕ್ಷರದಲ್ಲಿ ಬರೆದೆ. ಬಂಟ್ವಾಳದಲ್ಲಿ ಬಸ್ಸು ಬದಲಿಸಿ, ಸಿದ್ದಕಟ್ಟೆ ದಾರಿಯಾಗಿ ಮೂಡುಬಿದಿರೆಗೆ ಹೋದೆ. ಅಕ್ಕನ ಅಂಗಡಿ ಅವಳ ಮನೆಯ ಜಗಲಿಯೇ. ಅವಳು ಮಿಷನಿನ ಮುಂದೆ, ಕಿಟಕಿಯ ಬೆಳಕಿಗೆ ವಾಲಿಕೊಂಡು ಕೂತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನನ್ನ ಕಡೆ ನೋಡಿದಳು. ಕಂಡಿತೋ ಇಲ್ಲವೋ ತಿಳಿಯಲಿಲ್ಲ.

ನಾನು ಕೂರಲಿಲ್ಲ. ಹೇಳಿಕೆಗೆ ಹೋದವರು ನಿಲ್ಲುವ ಹಾಗೆ ನೆಟ್ಟಗೆ ನಿಂತು ಹೇಳಿದೆ: "ಬರುವ ಬುಧವಾರ ನಿನ್ನ ಕಣ್ಣಿನ ಆಪರೇಶನ್. ನಾನೇ ಕರೆದುಕೊಂಡು ಹೋಗ್ತೇನೆ. ನೀನು ಬರಬೇಕು. ಮನೆಗೆ ಬಂದು ಹೇಳ್ತಾ ಇದ್ದೇನೆ."

"ಬುಧವಾರ ಅಂತ ಯಾರು ಹೇಳಿದ್ದು?"

"ಆಸ್ಪತ್ರೆಗೆ ಹೋಗಿಯೇ ಬಂದೆ."

ಅವಳು ಕತ್ತರಿಯನ್ನು ಬದಿಗಿಟ್ಟಳು. "ಕಾಗದ ಎಲ್ಲಿ?"

ಲಕೋಟೆ ಕೊಟ್ಟೆ. ಕಣ್ಣಿನ ಹತ್ತಿರ ಹಿಡಿದಳು, ದೂರ ಹಿಡಿದಳು, ಕಿಟಕಿಯ ಕಡೆ ತಿರುಗಿಸಿದಳು. ಅಷ್ಟು ದಪ್ಪ ಅಕ್ಷರವೂ ಅವಳಿಗೆ ಕಾಣಲಿಲ್ಲ. ನನಗೇ ಮರಳಿ ಚಾಚಿದಳು.

"ಯಾರ ಹೆಸರು ಉಂಟು ಇದರಲ್ಲಿ, ಓದು."

ಓದಿದೆ, ಇನಿಶಿಯಲ್ ಸಮೇತ.

ಅಕ್ಕ ಲಕೋಟೆಯನ್ನು ಮಿಷನಿನ ಡ್ರಾಯರಿನೊಳಗಿಟ್ಟು ಒಳಗೆ ಹೋದಳು. ಗೋಡೆ ಹಿಡಿದುಕೊಂಡು ವಾಪಸು ಬರುವಾಗ ಅವಳ ಕೈಯಲ್ಲಿ ತಟ್ಟೆ ಇತ್ತು, ಅದರಲ್ಲಿ ಒಂದು ಚೆಂಬು ನೀರು, ಒಂದು ತುಂಡು ಬೆಲ್ಲ. ನನಗೆ ಶುಗರ್ ಇರುವುದು ಅವಳಿಗೆ ಗೊತ್ತಿರಲಿಲ್ಲ. ನಾನು ಬೆಲ್ಲ ಬಾಯಿಗೆ ಹಾಕಿಕೊಂಡು ಚೆಂಬು ಎತ್ತಿದೆ.