ಹದಿನೈದು ದಿನದ ಗಡುವು

"ಇವು ಇನ್ನು ನಂಗೆ ಬೇಕಾಗಲ್ಲ ಮೇಡಂ" ಎಂದು ಕೊನೆಯ ವರ್ಷದ ಬಿ.ಎ. ಹುಡುಗಿ ಮೂರು ಪುಸ್ತಕಗಳನ್ನೂ ಲೈಬ್ರರಿ ಕಾರ್ಡನ್ನೂ ನನ್ನ ಮೇಜಿನ ಮೇಲಿಟ್ಟಳು. ಪರೀಕ್ಷೆಗೆ ಇನ್ನೂ ತಿಂಗಳಿತ್ತು. ಹೊಸದುರ್ಗದ ನಮ್ಮ ಕಾಲೇಜಿನಲ್ಲಿ ಪುಸ್ತಕ ತಡ ಮಾಡಿದವರನ್ನು ಗದರುವವಳು ನಾನು. ಬೇಗ ತಂದವಳನ್ನು ಕಂಡು ಹೆದರಿದೆ. ಅನುಮಾನ ಬಂದರೆ ನೇರವಾಗಿಯೇ ಕೇಳಿ ಎಂದು ಹಿಂದಿನ ವಾರವಷ್ಟೇ ಆತ್ಮಹತ್ಯೆ ತಡೆ ಕಾರ್ಯಕ್ರಮದಲ್ಲಿ ಹೇಳಿದ್ದರು. ಕೇಳಿಯೇಬಿಟ್ಟೆ: "ಸಾಯ್ಬೇಕು ಅಂತ ಅನ್ನಿಸ್ತೈತೇನವ್ವ?"

ಅವಳು ಹೌದೆಂದು ತಲೆಯಾಡಿಸಿದಳು. ಆಮೇಲೆ ಮೇಜಿಗೆ ಹಣೆಯಿಟ್ಟು ಅತ್ತಳು. ಲೈಬ್ರರಿ ಬಾಗಿಲು ಮುಂದೆ ಮಾಡಿ, ಪಕ್ಕದಲ್ಲಿ ಕುಳಿತು ಅವಳು ಹೇಳಿದ್ದನ್ನೆಲ್ಲ ಕೇಳಿಸಿಕೊಂಡೆ. ಕಾಲೇಜಿನ ಆಪ್ತಸಮಾಲೋಚಕಿಯ ಬಳಿಗೆ ಇಬ್ಬರೂ ಹೋದೆವು. ಅವಳು ಒಪ್ಪಿದ ಮೇಲೆ ಅವಳ ಅವ್ವನನ್ನೂ ಕರೆಸಿದೆವು. ಹೊರಡುವಾಗ ಅದೇ ಪುಸ್ತಕಗಳಲ್ಲಿ ಒಂದಕ್ಕೆ ಹೊಸ ದಿನಾಂಕದ ಮುದ್ರೆ ಒತ್ತಿ ಅವಳ ಕೈಗಿಟ್ಟೆ. "ಹದಿನೈದು ದಿನಕ್ಕೆ ನೀನೇ ತಂದ್ಕೊಡ್ಬೇಕು. ಬೇರೆಯವ್ರ ಕೈಲಿ ಕಳ್ಸಂಗಿಲ್ಲ."

ಹದಿನೈದನೆಯ ದಿನ ಅವಳು ಬಂದಳು, ಬರಿಗೈಯಲ್ಲಿ. "ಇನ್ನೂ ಓದಿ ಮುಗ್ದಿಲ್ಲ ಮೇಡಂ" ಎಂದಳು. ಇಷ್ಟು ವರ್ಷಗಳಲ್ಲಿ ಆ ಮಾತಿಗೆ ನಾನು ಗದರದೆ ಇದ್ದದ್ದು ಅದೊಂದೇ ಸಲ.